ಇಟಗಿಯ ಬಯಲಲ್ಲಿ ಹದಿನೆಂಟು ಕೊರಳು

"ಅಕ್ಕೋರ, ನನ್ನ ದನಿ ನನಗ ಕೇಳವಲ್ದು ನೋಡ್ರಿ."

ಇಟಗಿಯ ಮಹಾದೇವ ಗುಡಿಯ ಮುಂದೆ ಮೊದಲ ದಿನ ತಾಲೀಮಿಗೆ ನಿಂತಾಗ ತಂಡದ ಹಿರಿಯರೊಬ್ಬರು ಅಂದ ಮಾತಿದು. ನಾವು ಹದಿನೆಂಟು ಹೆಂಗಸರು. ಕೊಪ್ಪಳದಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಆರು ವಾರ ವಚನ, ದಾಸರ ಪದ ಕಲಿತಿದ್ದೆವು. ಅಲ್ಲಿ ಗೋಡೆಗಳು ದನಿಯನ್ನು ವಾಪಸ್ ಕೊಡುತ್ತಿದ್ದವು. ಇಲ್ಲಿ ಹಾಡಿದ್ದೆಲ್ಲ ಗಾಳಿಯ ಪಾಲು. ಕೇಳಿಸದಿದ್ದಾಗ ಎಲ್ಲರೂ ಜೋರು ಮಾಡಿದರು. ಜೋರಾದಂತೆ ಸುರ ಮೇಲೇರಿತು, ಲಯ ಓಡಿತು.

ತಪ್ಪು ನನ್ನದೇ. ಫೋಟೊ ಚೆನ್ನಾಗಿ ಬರಲಿ ಅಂತ ಒಂದೇ ಸಾಲಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿದ್ದೆ. ಈ ತುದಿಯಿಂದ ಆ ತುದಿಗೆ 17 ಮೀಟರ್. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಆ ತುದಿಯ ದನಿ ಈ ತುದಿಗೆ ಬರಲು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಬೇಕು. ಅದೆಷ್ಟು ಮಹಾ ಅನ್ನಿಸುತ್ತೆ, ಅಲ್ವಾ? ಆದರೆ ವೇಗದ ಪದದಲ್ಲಿ ತಾಳ ಎರಡಾಗಲು ಅಷ್ಟು ಸಾಕು.

ಮರುವಾರ ಮೂರು ಸಾಲು ಮಾಡಿ, ಬಿಲ್ಲಿನ ಹಾಗೆ ಬಾಗಿಸಿ, ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸಿದೆ. ಬೆನ್ನಿಗೆ ಗುಡಿಯ ಕಲ್ಲು. ಗಟ್ಟಿ ದನಿಯವರು ಹಿಂದೆ. ಶ್ರುತಿಯನ್ನು ಹಾರ್ಮೋನಿಯಂನ ಕರಿ ಮನೆಗಳ ಲೆಕ್ಕದಲ್ಲಿ ಕರಿ ಐದರಿಂದ ಕರಿ ನಾಲ್ಕಕ್ಕೆ ಇಳಿಸಿದೆವು. ಒಂದೇ ಕಟ್ಟಳೆ: ಬಾಜೂದವಳು ಕೇಳಿಸದಿದ್ದರೆ ನಿನ್ನ ದನಿ ಜಾಸ್ತಿಯಾಗಿದೆ ಅಂತಲೇ ಅರ್ಥ.

ಇದು ಕೇಂದ್ರ ಪುರಾತತ್ವ ಇಲಾಖೆ ಕಾಯುವ ಗುಡಿ, ಅರ್ಜಿ ಮೊದಲೇ ಕೊಡಬೇಕು. ಕಲ್ಲಿಗೆ ಮೊಳೆ, ಹಗ್ಗ ಯಾವುದೂ ಇಲ್ಲದೆ ಬಯಲಲ್ಲೇ ಎಲ್ಲ ಹೊಂದಿಸಿಕೊಂಡೆವು. ನನಗೇನೂ ಬೇಜಾರಾಗಲಿಲ್ಲ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು, ಶಾಸನವೇ 'ದೇವಾಲಯ ಚಕ್ರವರ್ತಿ' ಅಂದಿದೆ. ಅದಕ್ಕೆ ನಮ್ಮ ಸೀರಿಯಲ್ ಲೈಟಿನ ಸರ ಬೇರೆ ಬೇಕಾ?

ಕಾರ್ಯಕ್ರಮದ ದಿನ, ಡಿಸೆಂಬರ್ ಸಂಜೆ. ಹಾಡಿನ ಹಾಳೆಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದ್ದೆವು. ತಂಪೇರುತ್ತಿದ್ದಂತೆ ತಬಲಾದ ಸುರ ಇಳಿಯಿತು. ಪ್ರತಿ ಪದ ಮುಗಿದಾಗಲೂ ತಬಲಜಿ ಸುತ್ತಿಗೆ ಹಿಡಿದು ಕೂತರು. ಮೈಕಿಗೆ ಸ್ಪಂಜಿನ ಟೋಪಿ ಹಾಕಿದ್ದರೂ ಗಾಳಿ ಭುಸ್ ಭುಸ್ ಅಂತಿತ್ತು. ಮೂರನೇ ಪದಕ್ಕೆ ಮೈಕ್ ಬಂದ್ ಮಾಡಿಸಿದೆ. ಹಿಂದಿದ್ದವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು.

ಇಳಿದು ಬರುವಾಗ ಆ ಹಿರಿಯರು ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತ ಅಂದರು: "ಇವತ್ತ ಕೇಳಿಸ್ತು ನೋಡ್ರಿ ಅಕ್ಕೋರ. ನಂದಲ್ಲ, ಬಾಜೂದಕಿದು. ಆಕಿ ಎರಡನೇ ನುಡಿ ತಪ್ಪಿದ್ಲು."