ಮನೆಯಲ್ಲೇ ಕಲ್ಲಿನ ಗುಂಡು: ದಪ್ಪ ಪುಡಿಯನ್ನು ಬೇಗ ಬಿಡಬೇಡಿ

ಕಲ್ಲಿನ ಗುಂಡು, ಅಂದರೆ ಹೊಳೆಯುವ ಕಲ್ಲಿನ ಗೋಳ, ಮಾಡಲು ಹೊರಟವರೆಲ್ಲ ಮೊದಲು ಕೇಳುವುದು ಪಾಲಿಶ್ ಬಗ್ಗೆ. ಯಾವ ಪುಡಿ, ಯಾವ ಬಟ್ಟೆ, ಹೊಳಪು ಎಷ್ಟು ಬರುತ್ತೆ ಅಂತ. ನಾನು ನೋಡಿದ ಕೆಟ್ಟ ಗುಂಡುಗಳೆಲ್ಲ ಕೆಟ್ಟಿದ್ದು ಪಾಲಿಶ್‌ಗೆ ಬಹಳ ಮೊದಲೇ. ಕಲ್ಲು ಸವೆಸುವ ದಪ್ಪ ಪುಡಿಯಲ್ಲಿ ಉಜ್ಜಿ ಉಜ್ಜಿ ಬೇಸರ ಬಂದು, ‘ಗುಂಡಗಾಯ್ತಲ್ಲ, ಸಾಕು’ ಅಂತ ಮುಂದಿನ ಪುಡಿಗೆ ಹಾರಿರುತ್ತಾರೆ. ಕೊನೆಗೆ ಹೊಳಪೇನೋ ಬಂದಿರುತ್ತದೆ. ಆ ಹೊಳಪಿನಲ್ಲಿ ಗೀರು, ಗುಳಿ, ಚಪ್ಪಟೆ ಜಾಗ ಎಲ್ಲ ಇನ್ನೂ ಚೆನ್ನಾಗಿ ಕಾಣುತ್ತವೆ! ಹಾಗಾಗಿ ಇಲ್ಲಿ ಆ ಒಂದು ಹಂತಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಲೆಕ್ಕವೆಲ್ಲ ಸುಮಾರು 60 ಮಿ.ಮೀ. ವ್ಯಾಸದ ಗುಂಡಿನದು. ಅಂಗೈಯಲ್ಲಿ ಸರಿಯಾಗಿ ಕೂರುವ ಗಾತ್ರ. ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದು ಬೇಡ. ತೀರಾ ಚಿಕ್ಕದೂ ಬೇಡ, ಹಿಡಿಯುವುದೇ ಕಷ್ಟ.

ಕಲ್ಲು

ಅಡುಗೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಉಪಯೋಗವಿಲ್ಲ. ಅದರ ದಪ್ಪವೇ 18–20 ಮಿ.ಮೀ. ನಿಮಗೆ ಬೇಕಿರುವುದು ಕಲ್ಲಿನ ಗಟ್ಟಿ, ಅಂದರೆ ದಪ್ಪ ತುಂಡು. ವಿಗ್ರಹ ಕೆತ್ತುವವರ ಹತ್ತಿರ, ಸಮಾಧಿ ಕಲ್ಲು ಮಾಡುವವರ ಹತ್ತಿರ, ಜಿಗಣಿಯಂಥ ಕಡೆ ಗ್ರಾನೈಟ್ ಫ್ಯಾಕ್ಟರಿಗಳ ಹಿಂಭಾಗದ ರಾಶಿಯಲ್ಲಿ ಇಂಥ ಗಟ್ಟಿಗಳು ಸಿಗುತ್ತವೆ.

ನನ್ನ ಆಯ್ಕೆ ಚಾಮರಾಜನಗರದ ಕರಿಕಲ್ಲು. ಅಂಗಡಿಯಲ್ಲಿ ಕಪ್ಪು ಗ್ರಾನೈಟ್ ಅನ್ನುತ್ತಾರೆ, ಭೂವಿಜ್ಞಾನದ ಪ್ರಕಾರ ಅದು ಡೋಲೆರೈಟ್. ಹರಳು ಸಣ್ಣ, ಎಲ್ಲ ಕಡೆ ಒಂದೇ ಸಮನಾಗಿ ಸವೆಯುತ್ತದೆ. ಇಳಕಲ್‌ನ ಕೆಂಪು ಗ್ರಾನೈಟ್ ಚೆಂದ, ಆದರೆ ಅದನ್ನು ಎರಡನೇ ಗುಂಡಿಗೆ ಇಟ್ಟುಕೊಳ್ಳಿ. ದಪ್ಪ ಹರಳಿನ ಗ್ರಾನೈಟ್‌ನಲ್ಲಿ ಕಾಗೆಬಂಗಾರದ ಚುಕ್ಕೆಗಳಿದ್ದರೆ ಅವು ಬೇಗ ಸವೆದು ಸಣ್ಣ ಗುಳಿ ಬೀಳುತ್ತವೆ. ಆಮೇಲೆ ಏನು ಮಾಡಿದರೂ ಅಲ್ಲಿ ಹೊಳಪು ಬರುವುದಿಲ್ಲ. ಅಮೃತಶಿಲೆಯಲ್ಲಿ ಶುರುಮಾಡಿ ಅಂತ ಕೆಲವರು ಹೇಳುತ್ತಾರೆ. ಮೃದುವಾದ ಕಲ್ಲು, ಬೇಗ ಗುಂಡಗಾಗುತ್ತದೆ, ನಿಜ. ಆದರೆ ಅದರಲ್ಲಿ ಕಲಿತ ಅವಸರ ಗಟ್ಟಿ ಕಲ್ಲಿಗೆ ಬಂದಾಗ ಕಾಟ ಕೊಡುತ್ತದೆ. ಬೆಣಚುಕಲ್ಲು ಸದ್ಯಕ್ಕೆ ಬೇಡವೇ ಬೇಡ. ಬಳಪದ ಕಲ್ಲಿನಲ್ಲಿ ಹೊಯ್ಸಳರು ಅದ್ಭುತ ಮಾಡಿದರು. ಆದರೆ ಉಗುರಿಗೆ ಗೀರು ಬೀಳುವ ಕಲ್ಲಿನ ಗುಂಡಿಗೆ ಈ ಪಾಲಿಶ್ ನಿಲ್ಲುವುದಿಲ್ಲ. ಜೊತೆಗೆ ಅಂಥ ಕೆಲವು ಕಲ್ಲುಗಳಲ್ಲಿ ಕಲ್ನಾರು ಸೇರಿರುವುದುಂಟು, ಪುಡಿ ಉಸಿರಿಗೆ ಹೋದರೆ ಅಪಾಯ.

ಬಿರುಕು ನೋಡುವುದು ಹೀಗೆ: ಕಲ್ಲನ್ನು ಪೂರ್ತಿ ಒದ್ದೆ ಮಾಡಿ ಬಿಸಿಲಿಗಿಡಿ. ಮೇಲ್ಮೈ ಒಣಗುವಾಗ ಬಿರುಕು ಮಾತ್ರ ಕಪ್ಪು ಗೆರೆಯಾಗಿ ಉಳಿಯುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಠಣ್ ಅನ್ನದೆ ಬೊದ್ದು ಶಬ್ದ ಬಂದರೂ ಆ ಕಲ್ಲು ಬಿಡಿ.

ಘನ, ಆಮೇಲೆ 26 ಮುಖ

64 ಮಿ.ಮೀ. ಘನ ಬೇಕು. ಇದನ್ನು ಮನೆಯಲ್ಲಿ ಕೊಯ್ಯಲು ಹೋಗಬೇಡಿ. ಗ್ರಾನೈಟ್ ಫ್ಯಾಕ್ಟರಿಯ ದೊಡ್ಡ ಕಟಿಂಗ್ ಮಷೀನಿನಲ್ಲಿ ಹೇಳಿ ಮಾಡಿಸಿ. ನಾಲ್ಕಿಂಚಿನ ಮಾರ್ಬಲ್ ಕಟರಿನ ಬ್ಲೇಡ್ ಇಷ್ಟು ದಪ್ಪದ ಕಲ್ಲಿನಲ್ಲಿ ಅರ್ಧದ ಆಸುಪಾಸಿಗೇ ನಿಲ್ಲುತ್ತದೆ. ಎರಡು ಕಡೆಯಿಂದ ಕೊಯ್ದರೆ ಗೆರೆ ಕೂಡುವುದಿಲ್ಲ. ಘನ ಸೊಟ್ಟಗಿದ್ದರೆ ಮುಂದಿನ ಗುರುತೆಲ್ಲ ಸೊಟ್ಟ.

ಪ್ರತಿ ಮುಖದಲ್ಲೂ ನಾಲ್ಕೂ ಅಂಚಿನಿಂದ 19 ಮಿ.ಮೀ. ಒಳಕ್ಕೆ ಗೆರೆ ಎಳೆಯಿರಿ. ಬೇರೆ ಅಳತೆಯ ಘನವಾದರೆ ಅದರ ಬದಿಯನ್ನು 0.293ರಿಂದ ಗುಣಿಸಿ. ಈಗ ಪಕ್ಕಪಕ್ಕದ ಎರಡು ಮುಖಗಳ ಗೆರೆಗಳನ್ನು ಕೂಡಿಸುವಂತೆ 45 ಡಿಗ್ರಿಯಲ್ಲಿ ಅಂಚು ಕೊಯ್ಯಬೇಕು. ಹನ್ನೆರಡೂ ಅಂಚು ಹೋದಾಗ 18 ಮುಖ ಆಗುತ್ತವೆ. ಎರಡು ಮರದ ಪಟ್ಟಿಗಳನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಹೊಡೆದುಕೊಂಡು ಅದರಲ್ಲಿ ಕಲ್ಲು ಕೂರಿಸಿ ಬಿಗಿಯಿರಿ. ಕೈಯಲ್ಲಿ ಹಿಡಿದು ಕೊಯ್ಯುವುದು ಹುಚ್ಚು.

ಇನ್ನು ಎಂಟು ಮೂಲೆಗಳು ಚೂಪಾಗಿ ಉಳಿದಿರುತ್ತವೆ. ಪ್ರತಿಯೊಂದರಿಂದ ಸುಮಾರು 7 ಮಿ.ಮೀ. ತೆಗೆದರೆ 26 ಮುಖ. ಆಮೇಲೆ ಮುಖಗಳ ನಡುವಿನ ಏಣುಗಳನ್ನು ಗ್ರೈಂಡರಿನಲ್ಲಿ ಹಗುರವಾಗಿ ಸವರಿ. ಮುಖದ ನಡುಭಾಗಕ್ಕೆ ಮಾತ್ರ ಗ್ರೈಂಡರ್ ತಾಗಿಸಬೇಡಿ. ಅಲ್ಲಿ ಅರ್ಧ ಮಿ.ಮೀ. ಆಳದ ಗುಳಿ ಬಿದ್ದರೆ, ಅದು ಹೋಗಲು ಇಡೀ ಗುಂಡು ಎಲ್ಲ ಕಡೆ ಅರ್ಧ ಮಿ.ಮೀ. ಸವೆಯಬೇಕು. ಅಂದರೆ ವ್ಯಾಸದಲ್ಲಿ ಒಂದು ಮಿ.ಮೀ. ಹೋಯಿತು.

ಕೊಯ್ಯುವಾಗ, ಸವರುವಾಗ ನೀರು ಬೇಕೇ ಬೇಕು. ಒಣ ಕಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ವಾಪಸ್ ಬರುವುದಿಲ್ಲ, ಸಿಲಿಕೋಸಿಸ್‌ಗೆ ಔಷಧಿಯೂ ಇಲ್ಲ. ಮುಖಕ್ಕೆ ಕಟ್ಟಿದ ಟವೆಲ್ ಈ ಧೂಳನ್ನು ತಡೆಯುವುದಿಲ್ಲ. ನೀರಿನ ಜೊತೆಗೆ ಎನ್-95 ಮಾಸ್ಕ್ ಹಾಕಿ. ಇನ್ನು ನೀರು, ಕರೆಂಟು ಎರಡೂ ಒಂದೇ ಕಡೆ ಇರುವುದರಿಂದ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇಲ್ಲದ ಲೈನಿನಲ್ಲಿ ಈ ಕೆಲಸ ಮಾಡಬೇಡಿ. ಗ್ರೈಂಡರಿನ ಗಾರ್ಡ್ ಬಿಚ್ಚಿ ಇಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ನೀವು ಬಿಚ್ಚಬೇಡಿ.

ಕಪ್ಪು

ಗುಂಡನ್ನು ಗುಂಡು ಮಾಡುವುದು ಒಂದು ಪೈಪಿನ ಬಾಯಿ, ಅಷ್ಟೇ. ಈ ಪೈಪ್ ತುಂಡನ್ನೇ ಇಲ್ಲಿ ಕಪ್ಪು (ಇಂಗ್ಲಿಷಿನ ಕಪ್) ಅಂದಿದ್ದೇನೆ. ಗೋಳವನ್ನು ಎಲ್ಲಿ ಸೀಳಿದರೂ ವೃತ್ತವೇ ಸಿಗುತ್ತದೆ. ಹಾಗಾಗಿ ದುಂಡು ಪೈಪಿನ ಬಾಯಿ ಗೋಳದ ಮೇಲೆ ಎಲ್ಲಿಟ್ಟರೂ ಸುತ್ತಲೂ ತಾಗಿ ಕೂರುತ್ತದೆ. ಗೋಳವಲ್ಲದ ಕಲ್ಲಿನ ಮೇಲೆ ಉಬ್ಬಿದ ಜಾಗಕ್ಕೆ ಮಾತ್ರ ತಾಗುತ್ತದೆ, ಅದನ್ನೇ ಸವೆಸುತ್ತದೆ. ಜರ್ಮನಿಯ ಬವೇರಿಯಾದ ಆಲ್ಮ್‌ಬಾಖ್ ಕಣಿವೆಯಲ್ಲಿ 1683ರ ಕಾಲದ ಗುಂಡಿನ ಗಿರಣಿಯೊಂದಿದೆ. ಅಲ್ಲಿ ಪೈಪೂ ಇಲ್ಲ. ಕೆಳಗೆ ವೃತ್ತಾಕಾರದ ಕಾಲುವೆ ಕೊರೆದ ಕಲ್ಲು, ಮೇಲೆ ಹರಿಯುವ ನೀರಿಗೆ ತಿರುಗುವ ಮರದ ಚಕ್ರ, ನಡುವೆ ಅಮೃತಶಿಲೆಯ ತುಂಡುಗಳು. ದಿನಗಟ್ಟಲೆ ಉರುಳಿ ಗುಂಡಗಾಗುತ್ತವೆ. ನಮಗೆ ಅಷ್ಟು ನೀರೂ ಇಲ್ಲ, ತಾಳ್ಮೆಯೂ ಇಲ್ಲ.

ಪೈಪಿನ ಒಳವ್ಯಾಸ ಗುಂಡಿನ ವ್ಯಾಸದ ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನವರೆಗೆ ಇರಬೇಕು. ನಮ್ಮ ಗುಂಡಿಗೆ ಒಂದೂವರೆ ಇಂಚಿನ ಜಿಐ ಪೈಪ್ ಹೇಳಿ ಮಾಡಿಸಿದ ಹಾಗಿದೆ. ಥ್ರೆಡ್ ಹಾಕಿದ ಗಿಡ್ಡ ತುಂಡುಗಳನ್ನು ತನ್ನಿ. ಒಂದು ಎಂಡ್ ಕ್ಯಾಪಿನ ನಟ್ಟನಡುವೆ 12 ಮಿ.ಮೀ. ಬೋಲ್ಟ್ ವೆಲ್ಡ್ ಮಾಡಿಸಿ, ಬೆಂಚ್ ಡ್ರಿಲ್ಲಿನ ಚಕ್‌ಗೆ (ಬಿಟ್ ಹಿಡಿಯುವ ಬಾಯಿಗೆ) ಹಾಕಿ. ಪೈಪಿನ ಬಾಯನ್ನು ಲೇತ್‌ನಲ್ಲಿ ನೇರ ಮಾಡಿಸಿ. ಹ್ಯಾಕ್ಸಾದಲ್ಲಿ ಕೊಯ್ದು ಹಾಗೇ ಹಾಕಿದರೆ ಅದು ಅಲ್ಲಾಡುತ್ತದೆ, ಗುಂಡು ಹಾರುತ್ತದೆ.

ಕೆಳಗೆ ಇನ್ನೊಂದು ಪೈಪ್ ತುಂಡು, ಮರದ ದಿಮ್ಮಿಯಲ್ಲಿ ಕೂರಿಸಿದ್ದು. ದಿಮ್ಮಿಯ ತಳವನ್ನು ಓರೆಯಾಗಿ ಕೊಯ್ದು ಈ ಕಪ್ಪು ಸುಮಾರು 30 ಡಿಗ್ರಿ ವಾಲುವಂತೆ ಮಾಡಿ. ಇದು ಮುಖ್ಯ. ಎರಡೂ ಕಪ್ಪು ಒಂದೇ ನೇರದಲ್ಲಿದ್ದರೆ ಗುಂಡು ಒಂದೇ ಅಕ್ಷದಲ್ಲಿ ಸುತ್ತುತ್ತದೆ, ಸುತ್ತಲೂ ಉಂಗುರದಂತೆ ಕಾಲುವೆ ಬೀಳುತ್ತದೆ. ಎಲ್ಲವನ್ನೂ ಪ್ಲಾಸ್ಟಿಕ್ ಟಬ್ಬಿನಲ್ಲಿಡಿ. ಡ್ರಿಲ್ಲಿನ ಬೆಲ್ಟ್ ಅತಿ ಕಡಿಮೆ ವೇಗದ ಪುಲ್ಲಿಗೆ ಹಾಕಿ. ಬಟ್ಟೆಯ ಗ್ಲೌಸ್, ತೂಗುವ ತೋಳು, ವೇಲು ಯಾವುದೂ ಬೇಡ. ತಿರುಗುವ ಚಕ್‌ಗೆ ಬಟ್ಟೆ ಸಿಕ್ಕರೆ ಕೈಯೂ ಜೊತೆಗೆ ಹೋಗುತ್ತದೆ.

ಒಂದೆರಡು ಗುಂಡಿಗೆ ನಿಲ್ಲುವವರಲ್ಲ ನೀವು ಅಂತಾದರೆ, ಗುಜರಿಯಿಂದ ಮೂರು ಕಾರ್ ವೈಪರ್ ಮೋಟಾರ್ ತಂದು 120 ಡಿಗ್ರಿ ಅಂತರದಲ್ಲಿ ಕೂರಿಸಿ, ಮೂರಕ್ಕೂ ಕಪ್ಪು ಹಾಕಿ, ಸ್ಪ್ರಿಂಗಿನಿಂದ ಒತ್ತಿಸಿ. ಹಳೆ ಕಂಪ್ಯೂಟರಿನ 12 ವೋಲ್ಟ್ ಪವರ್ ಸಪ್ಲೈ ಸಾಕು. ನಿಧಾನ, ಆದರೆ ನೀವು ಪಕ್ಕದಲ್ಲಿ ಒತ್ತಿ ಹಿಡಿದು ನಿಲ್ಲಬೇಕಿಲ್ಲ.

80ರ ಪುಡಿ

ಈಗ ನಿಜವಾದ ಕೆಲಸ. 80 ನಂಬರ್ ಸಿಲಿಕಾನ್ ಕಾರ್ಬೈಡ್ ಪುಡಿ, ಅಂಗಡಿಯಲ್ಲಿ ಕಾರ್ಬೋರಂಡಂ ಅಂದರೂ ಕೊಡುತ್ತಾರೆ. ನಂಬರ್ ಹೆಚ್ಚಿದಷ್ಟೂ ಪುಡಿ ನುಣ್ಣಗೆ. ನೀರಿನಲ್ಲಿ ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಕಲಸಿ, ಹಳೆ ಬ್ರಶ್‌ನಲ್ಲಿ ಗುಂಡಿಗೆ ಸವರುತ್ತಾ ಹೋಗಿ. ಪುಡಿ ಜಾಸ್ತಿ ಹಾಕಿದರೆ ಬೇಗ ಆಗುತ್ತೆ ಅನ್ನುವುದು ಸುಳ್ಳು. ಗುಂಡು ಜಾರುತ್ತದೆ, ಪುಡಿ ಟಬ್ಬಿಗೆ ಬೀಳುತ್ತದೆ.

ಕಿವಿ ಕೊಡಿ. ಹೊಸ ಪುಡಿ ಕರಕರ ಅನ್ನುತ್ತದೆ. ಶಬ್ದ ಇಳಿದು ಮೆತ್ತಗಾದರೆ ಪುಡಿ ಒಡೆದು ನುಣ್ಣಗಾಗಿದೆ ಅಂತ ಅರ್ಥ. ಆಗ ಆ ಬೂದು ಕೆಸರನ್ನು ನೀರಿನಿಂದ ತೊಳೆದು ಹೊಸದು ಹಾಕಿ. ಕೆಸರಿನ ಮೇಲೇ ಕೆಸರು ಸವರಿ ಸಂಜೆಯವರೆಗೆ ತಿರುಗಿಸಿದರೆ ಕರೆಂಟ್ ಬಿಲ್ಲು ಮಾತ್ರ ಬರುತ್ತದೆ.

ಡ್ರಿಲ್ಲಿನ ಹಿಡಿಯನ್ನು ಹಗುರವಾಗಿ ಒತ್ತಿ. ಮೊದಮೊದಲು ಗುಂಡು ಕುಣಿಯುತ್ತದೆ, ಏಣುಗಳು ತಾಗಿ ಟಕಟಕ ಅನ್ನುತ್ತದೆ. ಹೆದರಬೇಡಿ, ಒತ್ತಡ ಕಡಿಮೆ ಮಾಡಿ. ಒಂದೆರಡು ನಿಮಿಷಕ್ಕೊಮ್ಮೆ ಮಷೀನ್ ನಿಲ್ಲಿಸಿ, ಕೆಳಗಿನ ದಿಮ್ಮಿಯನ್ನು ಸ್ವಲ್ಪ ತಿರುಗಿಸಿ, ಗುಂಡನ್ನು ಎತ್ತಿ ಮನಸ್ಸಿಗೆ ಬಂದ ಕಡೆ ತಿರುಗಿಸಿ ಇಡಿ. ಲೆಕ್ಕಾಚಾರ ಹಾಕಿ ತಿರುಗಿಸಬೇಡಿ. ಯಾವ ಕ್ರಮವೂ ಇಲ್ಲದಿರುವುದೇ ಒಳ್ಳೆಯದು. ತಿರುಗುವಾಗ ಗಮನಿಸಿ: ಗುಂಡು ತನ್ನಷ್ಟಕ್ಕೆ ದಿಕ್ಕು ಬದಲಿಸುತ್ತಾ ಅಲೆಯುತ್ತಿರಬೇಕು. ಒಂದೇ ದಾರಿಯಲ್ಲಿ ಸುತ್ತುತ್ತಿದ್ದರೆ ಒತ್ತಡ ಜಾಸ್ತಿಯಾಗಿದೆ, ಇಲ್ಲವೇ ಕೆಳಗಿನ ಕಪ್ಪಿನ ವಾಲು ಸಾಲದು.

ಎಷ್ಟು ಹೊತ್ತು? ಗಡಿಯಾರ ನೋಡಬೇಡಿ, ಮಾರ್ಕರ್ ತೆಗೆದುಕೊಳ್ಳಿ. ಗುಂಡು ಒರೆಸಿ, ಪೂರ್ತಿ ಮಸಿ ಬಳಿಯಿರಿ. ಕರಿಕಲ್ಲಿಗೆ ಬಿಳಿ ಪೇಂಟ್ ಮಾರ್ಕರ್ ಬೇಕು. ಅರ್ಧ ನಿಮಿಷ ತಿರುಗಿಸಿ ನೋಡಿ. ಬಣ್ಣ ಉಳಿದ ಜಾಗ ತಗ್ಗು. ಶುರುವಿನಲ್ಲಿ 26 ಮುಖಗಳ ನಡುಭಾಗದಲ್ಲೂ ಬಣ್ಣದ ಬೊಟ್ಟು ಉಳಿಯುತ್ತದೆ. ಬೊಟ್ಟುಗಳು ಚಿಕ್ಕದಾಗುತ್ತಾ ಒಂದೊಂದೇ ಮಾಯವಾಗುತ್ತವೆ. ಕೊನೆಗೆ ಹಟ ಹಿಡಿದು ನಿಲ್ಲುವುದು ಒಂದೋ ಎರಡೋ. ಇಲ್ಲೇ ಎಲ್ಲರೂ ಸೋಲುವುದು. ‘ಇಷ್ಟು ಚಿಕ್ಕದು, 220ರಲ್ಲಿ ಹೋಗುತ್ತೆ ಬಿಡು’ ಅನ್ನುತ್ತಾರೆ. ಹೋಗುವುದಿಲ್ಲ. 220ರ ಪುಡಿ ಗೀರು ತೆಗೆಯುತ್ತದೆ, ಆಕಾರ ತಿದ್ದುವ ಶಕ್ತಿ ಅದಕ್ಕಿಲ್ಲ. ಆ ಬೊಟ್ಟಿನ ಮೇಲೆ ಕೈ ಗ್ರೈಂಡರ್ ಹಿಡಿಯುವವರೂ ಇದ್ದಾರೆ. ತಗ್ಗನ್ನು ಇನ್ನಷ್ಟು ತಗ್ಗು ಮಾಡಿದರೆ ಸರಿಯಾಗುವುದು ಹೇಗೆ?

ಬಣ್ಣ ಎಲ್ಲ ಕಡೆ ಒಟ್ಟಿಗೆ ಹೋಗತೊಡಗಿದ ಮೇಲೆ ಇನ್ನೆರಡು ಪರೀಕ್ಷೆ. ವರ್ನಿಯರ್‌ನಲ್ಲಿ ಹತ್ತಾರು ದಿಕ್ಕಿನಲ್ಲಿ ಅಳೆಯಿರಿ. ವ್ಯತ್ಯಾಸ 0.2 ಮಿ.ಮೀ. ಒಳಗಿರಲಿ. ಆಮೇಲೆ ಕತ್ತಲೆ ಕೋಣೆಯಲ್ಲಿ ಬಾಯಿ ನೇರ ಮಾಡಿದ ಪೈಪ್ ತುಂಡನ್ನು ಗುಂಡಿನ ಮೇಲಿಟ್ಟು ಪೈಪಿನೊಳಗೆ ಟಾರ್ಚ್ ಬಿಡಿ. ಅಂಚಿನಿಂದ ಬೆಳಕು ಸೋರಿದ ಕಡೆ ಗುಂಡು ತಗ್ಗಿದೆ. ಎಲ್ಲೂ ಸೋರದಿದ್ದರೆ ಆಕಾರದ ಕೆಲಸ ಮುಗಿಯಿತು. ಕೊನೆಯದಾಗಿ ಬ್ಲೇಡಿನ ಗೀರುಗಳಿಗೆ ಹುಡುಕಿ. ಒಣ ಗುಂಡನ್ನು ಓರೆ ಬೆಳಕಿನಲ್ಲಿ ಹಿಡಿದರೆ ಕಾಣುತ್ತವೆ. ಒದ್ದೆ ಗುಂಡು ಸುಳ್ಳು ಹೇಳುತ್ತದೆ, ನೀರು ಗೀರನ್ನು ಮುಚ್ಚುತ್ತದೆ.

ಅರ್ಧಕ್ಕಿಂತ ಜಾಸ್ತಿ ಕಲ್ಲು ಈಗಾಗಲೇ ಹೋಗಿರುತ್ತದೆ. 64ರ ಕರಿಕಲ್ಲಿನ ಘನ ಮುಕ್ಕಾಲು ಕಿಲೋದಷ್ಟು, 60ರ ಗುಂಡು ಸುಮಾರು 340 ಗ್ರಾಂ.

ತೊಳೆಯುವುದು, ನುಣುಪು ಪುಡಿಗಳು

220, 400, 600, 1000. ಇದೇ ಕೆಲಸ, ಒಂದೊಂದಕ್ಕೂ ಹಿಂದಿನ ಗೀರು ಪೂರ್ತಿ ಹೋಗುವವರೆಗೆ. 80ರ ಹಂತ ಸರಿಯಾಗಿದ್ದರೆ ಇವೆಲ್ಲ ಸೇರಿ ಅದರ ಅರ್ಧ ಹೊತ್ತೂ ಹಿಡಿಯುವುದಿಲ್ಲ.

ನಡುವೆ ತೊಳೆಯುವುದರಲ್ಲಿ ಮಾತ್ರ ಜಿಪುಣತನ ಬೇಡ. 80ರ ಒಂದೇ ಒಂದು ಕಾಳು 600ರಲ್ಲಿ ಸೇರಿದರೆ ಉದ್ದಕ್ಕೆ ಗೀರು ಎಳೆಯುತ್ತದೆ. ಗುಂಡು, ಟಬ್ಬು, ಉಗುರು ಎಲ್ಲ ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಿ. ಪುಡಿ ಸವರುವ ಬ್ರಶ್ ಒಂದೊಂದು ನಂಬರಿಗೆ ಬೇರೆ. 600ರಿಂದ ಮೇಲಕ್ಕೆ ಪೈಪ್ ತುಂಡುಗಳೂ ಬೇರೆ ಇರಲಿ. ಪೈಪಿನ ಥ್ರೆಡ್ಡಿನೊಳಗೆ ಅವಿತ ಪುಡಿ ಯಾವ ಬ್ರಶ್‌ಗೂ ಬಗ್ಗುವುದಿಲ್ಲ.

ಬಿಡಿ ಪ್ಯಾಕೆಟ್ಟಿನಲ್ಲಿ ಬರುವ ಅಗ್ಗದ 600, 1000 ಪುಡಿಗಳನ್ನು ನಂಬಬೇಡಿ. ದಪ್ಪ ಕಾಳು ಸೇರಿರುತ್ತವೆ. ಲೋಟದ ನೀರಿನಲ್ಲಿ ಕದಡಿ, ಕೆಲವು ಸೆಕೆಂಡ್ ಬಿಟ್ಟು, ಮೇಲಿನ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ತಳದಲ್ಲಿ ಕೂತದ್ದನ್ನು ಎಸೆಯಿರಿ, ಬಗ್ಗಿಸಿದ್ದನ್ನು ಬಳಸಿ.

ಪಾಲಿಶ್

ಪೈಪಿನ ಬಾಯಿಗೆ ದಪ್ಪ ಫೆಲ್ಟ್ ಅಥವಾ ಹಳೆ ಕಾರ್ಪೆಟ್ ತುಂಡನ್ನು ಚಪ್ಪಲಿ ಅಂಟಿಸುವ ಗಮ್ಮಿನಲ್ಲಿ ಅಂಟಿಸಿ. ಕನ್ನಡಿ ಉಜ್ಜುವವರು ಬಳಸುವ ಸೀರಿಯಂ ಆಕ್ಸೈಡ್ ತನ್ನಿ. ಬೆಲೆ ಜಾಸ್ತಿ, ಆದರೆ ಚಮಚ ಸಾಕು. ತೆಳ್ಳಗೆ ಕಲಸಿ ಹಚ್ಚಿ ತಿರುಗಿಸಿ. ಹೊಳಪು ಬರುವುದು ಫೆಲ್ಟ್ ಇನ್ನೇನು ಒಣಗಬೇಕು ಅನ್ನುವ ಹೊತ್ತಿಗೆ, ಗುಂಡು ಸ್ವಲ್ಪ ಹಿಡಿದೆಳೆದಂತೆ ಆದಾಗ. ಪೂರ್ತಿ ಒಣಗಲು ಬಿಡಬೇಡಿ, ಬಿಸಿ ಏರುತ್ತದೆ. ಸ್ಟೀಲ್ ಹೊಳೆಯಿಸುವ ಹಸಿರು ಪಾಲಿಶ್ ಕಲ್ಲಿಗೆ ಬೇಡ. ಸಣ್ಣ ಬಿರುಕಿನಲ್ಲಿ ಹಸಿರು ಕೂತರೆ ಹೋಗುವುದಿಲ್ಲ. ಹಾಗೆಯೇ ‘ಒಂದು ಸಲ ಸವರಿ ಒರೆಸಿ’ ಅನ್ನುವ ಬಾಟಲಿ ಪಾಲಿಶ್‌ಗಳು ಬರೀ ಮೇಣ. ಮೊದಲ ವಾರ ಚೆಂದ, ಆಮೇಲೆ ಬೆರಳಚ್ಚು. ಸುಮ್ನೆ ದುಡ್ಡು ದಂಡ.

ಪಾಲಿಶ್‌ನಲ್ಲಿ ಗೀರು ಕಂಡರೆ ಇನ್ನಷ್ಟು ಪಾಲಿಶ್ ಮಾಡಿ ಪ್ರಯೋಜನವಿಲ್ಲ. ಗೀರು ಎಷ್ಟು ದಪ್ಪ ಅಂತ ಭೂತಗನ್ನಡಿಯಲ್ಲಿ ನೋಡಿ, ಆ ಪುಡಿಗೇ ವಾಪಸ್ ಹೋಗಿ.

ಟಬ್ಬಿನ ಕೆಸರನ್ನು ಸಿಂಕಿಗೆ, ಬಚ್ಚಲಿಗೆ ಸುರಿಯಬೇಡಿ. ಪೈಪಿನೊಳಗೆ ಸಿಮೆಂಟಿನಷ್ಟೇ ಗಟ್ಟಿಯಾಗುತ್ತದೆ. ಒಂದು ರಾತ್ರಿ ಬಕೆಟ್ಟಿನಲ್ಲಿ ಬಿಟ್ಟರೆ ಕಲ್ಲುಪುಡಿ ತಳಕ್ಕೆ ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಕೆಳಗಿನದನ್ನು ಒದ್ದೆ ಇರುವಾಗಲೇ ಕವರಿಗೆ ತುಂಬಿ ಬಾಯಿ ಕಟ್ಟಿ ಕಸಕ್ಕೆ ಕೊಡಿ. ಒಣಗಿದ ಮೇಲೆ ಗುಡಿಸಲು ಹೋದರೆ ಅದೇ ಸಿಲಿಕಾ ಧೂಳು ಮತ್ತೆ ಮನೆ ತುಂಬಾ.