ಹೊಸ ಟಿವಿಯ ಮಸುಕು ಚಿತ್ರ ಸರಿಹೋದದ್ದು ಹೀಗೆ

ಮಂಡ್ಯದ ನಮ್ಮ ಮನೆಗೆ ಕಡಿಮೆ ಬೆಲೆಯ 43 ಇಂಚಿನ ಫುಲ್ ಎಚ್‌ಡಿ ಟಿವಿ ತಂದೆವು. ಅಂಗಡಿಯಲ್ಲಿ ಹೊಳೆಯುತ್ತಿದ್ದ ಚಿತ್ರ ಮನೆಯಲ್ಲಿ ಮಸುಕಾಯಿತು. ಮುಖಗಳು ಮೇಣದಂತೆ ಕಂಡವು. “ಹಳೆಯ ಟಿವಿಯೇ ಚೆನ್ನಾಗಿತ್ತು ಕಣಪ್ಪ” ಎಂದರು ಅಮ್ಮ. ಅವರ ಕಣ್ಣು ಸುಳ್ಳಾಡಿರಲಿಲ್ಲ. ಎಸ್‌ಡಿ (ಎಚ್‌ಡಿ ಅಲ್ಲದ, ಸಾಧಾರಣ ಸ್ಪಷ್ಟತೆಯ) ವಾಹಿನಿಯ ಚಿತ್ರದಲ್ಲಿರುವುದು ಹೆಚ್ಚೆಂದರೆ 720×576 ಚುಕ್ಕಿಗಳು, ಈ ಪರದೆಯಲ್ಲಿ 1920×1080. ಉಳಿದದ್ದನ್ನು ಟಿವಿ ಊಹಿಸಿ ತುಂಬಬೇಕು. ಹಳೆಯ ಪುಟ್ಟ ಪರದೆಯಲ್ಲಿ ಈ ಕೊರತೆ ಕಾಣುತ್ತಿರಲಿಲ್ಲ.

ಮೊದಲು ಸೆಟ್‌ಟಾಪ್ ಬಾಕ್ಸ್‌ನ ಹಳದಿ, ಕೆಂಪು, ಬಿಳಿ ತಂತಿ ತೆಗೆದು ಎಚ್‌ಡಿಎಂಐ ಕೇಬಲ್ ಹಾಕಿದೆ. ಅಕ್ಷರಗಳ ಅಂಚು ಆಗಲೇ ಸ್ಪಷ್ಟವಾಯಿತು.

ನಿಜವಾದ ಫಲ ಸಿಕ್ಕಿದ್ದು ಟಿವಿಯ ಸೆಟ್ಟಿಂಗ್‌ನಲ್ಲಿ. ಅಂಗಡಿಯ ಪ್ರಖರ ಬೆಳಕಿನಲ್ಲಿ ಎದ್ದು ಕಾಣುವಂಥ ‘ವಿವಿಡ್’ ಪಿಕ್ಚರ್ ಮೋಡ್ ಬಿಟ್ಟು ‘ಸಿನಿಮಾ’ ಮೋಡ್ ಆಯ್ದುಕೊಂಡೆ. ಶಾರ್ಪ್‌ನೆಸ್ ಬಹುತೇಕ ಸೊನ್ನೆಗೆ ಇಳಿಸಿದೆ. ಅದು ವಿವರ ಹೆಚ್ಚಿಸುವುದಿಲ್ಲ, ಅಂಚುಗಳ ಸುತ್ತ ಬಿಳಿ ಗೆರೆ ಎಳೆಯುತ್ತದೆ ಅಷ್ಟೆ. ಚಿತ್ರದ ಕಾಳುಕಾಳನ್ನು ಒರೆಸಿ ನುಣುಪಾಗಿಸುವ ನಾಯ್ಸ್ ರಿಡಕ್ಷನ್ ತಗ್ಗಿಸಿದ ಕೂಡಲೇ ಮುಖಗಳಿಗೆ ಚರ್ಮದ ಸಹಜತೆ ಮರಳಿತು! ಮೊದಲಿಗೆ ಬಣ್ಣ ಸಪ್ಪೆ ಎನಿಸುತ್ತದೆ, ಕಣ್ಣು ಒಗ್ಗಲು ಬಿಡಿ.

ಎಸ್‌ಡಿ ವಾಹಿನಿಗಳು ಈಗಲೂ ಸ್ವಲ್ಪ ಮಂಕೇ. ಯಾವ ಸೆಟ್ಟಿಂಗೂ ಅದನ್ನು ಪೂರ್ತಿ ನೀಗಿಸದು. ಅಮ್ಮ ಧಾರಾವಾಹಿ ನೋಡುವ ವಾಹಿನಿಗೆ ಮಾತ್ರ ಎಚ್‌ಡಿ ಹಾಕಿಸಿದ್ದೇವೆ.