ಬೆಳಿಗ್ಗೆ ಜಿಪ್‌ಲೈನ್, ಆಮೇಲೆ ಕಾಳಿ ನದಿ, ಗುಹೆ ಮರುದಿನಕ್ಕೆ

ದಸರಾ ರಜೆ ಹತ್ತಿರ ಬಂತೆಂದರೆ ಕಾರವಾರ, ಶಿರಸಿ, ಕುಮಟಾ ಕಡೆಯ ಮನೆಗಳಲ್ಲಿ ದಾಂಡೇಲಿ, ಗಣೇಶಗುಡಿಯ ಮಾತು ಶುರುವಾಗುತ್ತದೆ. ಜಿಪ್‌ಲೈನ್ (ಉಕ್ಕಿನ ಹಗ್ಗಕ್ಕೆ ನೇತಾಡುತ್ತ ಜಾರುವ ಆಟ), ರಾಫ್ಟಿಂಗ್ (ಗಾಳಿ ತುಂಬಿದ ದೋಣಿಯಲ್ಲಿ ಹರಿವಿನೊಂದಿಗೆ ಸಾಗುವುದು), ಕಯಾಕ್ (ಒಬ್ಬಿಬ್ಬರ ಸಣ್ಣ ದೋಣಿ), ಗುಹೆ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ ಪ್ಯಾಕೇಜುಗಳು ಸಿಗುತ್ತವೆ. ಹೋಗಿ ಬಂದವರ ತೊಡೆ ಕೆಂಪಾಗಿ ತರಚಿರುವುದು, ಮಕ್ಕಳು ಸಂಜೆಗೆ ನಡುಗುತ್ತ ಕೂರುವುದು ಸಾಮಾನ್ಯ. ಇದರಲ್ಲಿ ಹೆಚ್ಚಿನದು ಕ್ರಮ ತಪ್ಪಿದ್ದರಿಂದ ಆಗುವ ತೊಂದರೆ. ಒಣ ಆಟ ಮೊದಲು, ನೀರಿನ ಆಟ ಆಮೇಲೆ, ಗುಹೆಗೆ ಬೇರೆಯೇ ದಿನ. ಇಷ್ಟು ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ತಪ್ಪು ನಿರೀಕ್ಷೆಯನ್ನು ಮೊದಲೇ ಬಿಟ್ಟುಬಿಡಬೇಕು. ಮೆಕ್ಸಿಕೊದ ಯುಕಟಾನ್ ಸೀಮೆಯಲ್ಲಿ ನೆಲದಡಿಯ ಸುಣ್ಣಕಲ್ಲು ಕರಗಿ ಗುಹೆಗಳಾಗಿವೆ, ಅವುಗಳಲ್ಲಿ ಅಂತರ್ಜಲ ತುಂಬಿ ನಿಂತಿದೆ. ಅಲ್ಲಿನ ಸಾಹಸ ಪಾರ್ಕುಗಳಲ್ಲಿ ಜಿಪ್‌ಲೈನ್ ಇಳಿದವರು ಗುಹೆಯ ನೀರಿನಲ್ಲೇ ಈಜುತ್ತಾರೆ. ಆ ವಿಡಿಯೊ ನೋಡಿದವರು ಇಲ್ಲೂ ಅದನ್ನೇ ಕೇಳುತ್ತಾರೆ. ನಮ್ಮಲ್ಲಿ ಯಾಣದ ಬಂಡೆ, ಕವಳಾ ಗುಹೆ ಸುಣ್ಣಕಲ್ಲಿನವೇ ಆದರೂ ಈಜುವ ನೀರು ಅಲ್ಲಿಲ್ಲ. ಈಜು, ದೋಣಿ ಏನಿದ್ದರೂ ಕಾಳಿಯಲ್ಲಿ. ಕಾಳಿಯದು ಆ ಗುಹೆಗಳ ನೀರಿನಂತೆ ನಿಂತ ನೀರಲ್ಲ. ಅದರ ಮಟ್ಟ ಏರಿಳಿಯುವುದು ಸೂಪಾ ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಾರೆ ಎಂಬುದರ ಮೇಲೆ.

ಹಿಂದಿನ ದಿನ ಕೇಳಬೇಕಾದದ್ದು

ಸೂಪಾ ಅಣೆಕಟ್ಟು 101 ಮೀಟರ್ ಎತ್ತರದ್ದು, ಗಣೇಶಗುಡಿಯ ತಲೆಯ ಮೇಲೇ ಇದೆ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಮಾತ್ರ ಕೆಳಗೆ ರಾಫ್ಟ್ ತೇಲುವಷ್ಟು ಹರಿವು ಬರುತ್ತದೆ. ಕರೆಂಟಿನ ಬೇಡಿಕೆ ಕಡಿಮೆಯಾದ ದಿನ ನದಿಯಲ್ಲಿ ಕಲ್ಲು ಕಾಣುತ್ತವೆ, ರಾಫ್ಟಿಂಗ್ ರದ್ದಾಗುತ್ತದೆ. ಆದ್ದರಿಂದ ಬುಕಿಂಗ್ ಆಗಿದೆ ಎಂದು ಸುಮ್ಮನಿರದೆ ಹಿಂದಿನ ಸಂಜೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ನಾಳೆ ನೀರು ಬಿಡುತ್ತಾರಾ, ಎಷ್ಟು ಹೊತ್ತಿಗೆ, ಬಿಡದಿದ್ದರೆ ದುಡ್ಡು ವಾಪಸ್ಸಾ ಅಥವಾ ಬದಲಿ ಆಟವಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಲ, ಆಗ ರಾಫ್ಟಿಂಗ್ ಯೋಚನೆಯೇ ಬೇಡ.

ತೂಕದ ಮಿತಿಯನ್ನೂ ಫೋನಿನಲ್ಲೇ ಕೇಳಿಕೊಳ್ಳಿ. ಪ್ರತಿ ಜಿಪ್‌ಲೈನಿಗೂ ಕನಿಷ್ಠ, ಗರಿಷ್ಠ ತೂಕ ಇರುತ್ತದೆ. ತೀರಾ ಹಗುರಾದ ಮಗು ಎದುರುಗಾಳಿಗೆ ನಡುದಾರಿಯಲ್ಲಿ ನಿಂತುಬಿಡುತ್ತದೆ, ತೀರಾ ಭಾರದವರು ಬ್ರೇಕಿಗೆ ಸಿಗದ ವೇಗದಲ್ಲಿ ಬಂದು ಮುಟ್ಟುತ್ತಾರೆ. ಮಿತಿ ಇಟ್ಟಿರುವುದು ಇದಕ್ಕೇ. ‘ಪರವಾಗಿಲ್ಲ, ಬನ್ನಿ ನೋಡೋಣ’ ಎನ್ನುವ ಕೇಂದ್ರಕ್ಕೆ ಹೋಗಬೇಡಿ. ಗರ್ಭಿಣಿಯರು, ಹೃದಯದ ತೊಂದರೆ ಅಥವಾ ಮೂರ್ಛೆರೋಗ ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಭುಜದ ಕೀಲು ಒಮ್ಮೆ ತಪ್ಪಿದವರು ಜಿಪ್‌ಲೈನ್, ರಾಫ್ಟಿಂಗ್ ಎರಡನ್ನೂ ಬಿಡಬೇಕು.

ಕಾರವಾರದಿಂದ ಬರುವವರು ಕದ್ರಾ, ಅಣಶಿ ಘಟ್ಟ, ಜೋಯಿಡಾ ದಾರಿ ಹಿಡಿಯುತ್ತಾರೆ. ಶಿರಸಿಯವರಿಗೆ ಯಲ್ಲಾಪುರದ ಮೇಲೆ ದಾರಿ. ಎರಡೂ ಕಡೆ ತಿರುವು ಹೆಚ್ಚು. ನಕ್ಷೆ ತೋರಿಸುವ ಸಮಯಕ್ಕೆ ಅರ್ಧ ಗಂಟೆ ಸೇರಿಸಿಕೊಂಡು ಹೊರಡಿ. ಜೋಯಿಡಾ ಸುತ್ತಮುತ್ತ ಮೊಬೈಲ್ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಜೇಬಿನಲ್ಲಿ ನಗದು ಇರಲಿ, ಕೇಂದ್ರದ ನಂಬರ್ ಕಾಗದದ ಮೇಲೂ ಇರಲಿ.

ಏನು ಉಡಬೇಕು

ಜೀನ್ಸ್ ಬೇಡ. ನೆನೆದರೆ ಕಾಲಿಗೆ ಕಲ್ಲು ಕಟ್ಟಿದಂತಾಗುತ್ತದೆ, ಒಣಗುವುದೂ ಇಲ್ಲ. ಬೇಗ ಒಣಗುವ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್, ಮೈಗೆ ಹತ್ತುವ ಟೀ ಶರ್ಟ್ ಸಾಕು. ಪ್ಯಾಂಟ್ ಮೊಣಕಾಲು ದಾಟಿರಲೇಬೇಕು, ಯಾಕೆಂದರೆ ಹಾರ್ನೆಸ್ಸಿನ, ಅಂದರೆ ಸೊಂಟ, ತೊಡೆಗೆ ಕಟ್ಟಿ ಮೈಯನ್ನು ಹಗ್ಗಕ್ಕೆ ತೂಗುಹಾಕುವ ಸಾಧನದ, ಪಟ್ಟಿ ಕೂರುವುದು ತೊಡೆಯ ಮೇಲೆ. ತುಂಡು ಚಡ್ಡಿಯಲ್ಲಿ ಬಂದವರಿಗೇ ತೊಡೆ ತರಚುವುದು. ದುಪ್ಪಟ್ಟಾ, ಸೆರಗು, ಉದ್ದ ಜಡೆ ಇವೆಲ್ಲ ಹಗ್ಗದ ಮೇಲೆ ಓಡುವ ಚಕ್ರಕ್ಕೆ, ಅಂದರೆ ಪುಲ್ಲಿಗೆ, ಸಿಕ್ಕುವಂಥವು. ಜಡೆಯನ್ನು ತುರುಬು ಕಟ್ಟಿ ಹೆಲ್ಮೆಟ್ಟಿನೊಳಗೆ ಸೇರಿಸಿ. ಉಂಗುರ, ಬಳೆ ಮನೆಯಲ್ಲೇ ಬಿಡಿ. ಮಾಂಗಲ್ಯ ತೆಗೆಯುವುದಿಲ್ಲ ಎನ್ನುವವರು ಕತ್ತಿನ ತನಕ ಗುಂಡಿ ಇರುವ ಅಂಗಿ ಹಾಕಿ ಸರವನ್ನು ಒಳಗೆ ಸೇರಿಸಿ. ಹವಾಯಿ ಚಪ್ಪಲಿ ಜಿಪ್‌ಲೈನಿನಲ್ಲಿ ಕಾಡಿಗೆ ಬೀಳುತ್ತದೆ, ನದಿಯಲ್ಲಿ ತೇಲಿಹೋಗುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಶೂ ತನ್ನಿ. ಕನ್ನಡಕಕ್ಕೆ ದಾರ ಕಟ್ಟಿ.

ಹೊಟ್ಟೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಟಕ್ಕೆ ಎರಡು ಗಂಟೆ ಮೊದಲು ಮೊಸರವಲಕ್ಕಿ, ಬಾಳೆಹಣ್ಣು ಅಥವಾ ಎರಡು ಇಡ್ಲಿ ಸಾಕು. ಕೋಳಿ ಊಟ, ಮೀನೂಟ ಎಲ್ಲ ಮುಗಿದ ಮೇಲೆ. ಉಪ್ಪು ಹಾಕಿದ ಮುರುಗಲು ಪಾನಕದ ಬಾಟಲಿ ಒಂದು ಜೊತೆಗಿರಲಿ. ಬೆವರಿದ ಮೈಗೆ ಬರೀ ನೀರಿಗಿಂತ ಅದು ಒಳ್ಳೆಯದು. ಹೆಂಡ ಕುಡಿದವರನ್ನು ಯಾವ ಪಟ್ಟಿಗೂ ಕಟ್ಟಬಾರದು, ನಿಮ್ಮ ಗುಂಪಿನವರೇ ಆಗಿದ್ದರೂ ನೀವೇ ತಡೆಯಿರಿ.

ಹಾರ್ನೆಸ್: ಎರಡು ನಿಮಿಷ ನೀವೇ ನೋಡಿ

ಪಟ್ಟಿ ಕಟ್ಟುವ ಹುಡುಗ ಬೆಳಗಿನಿಂದ ಹತ್ತಾರು ಜನರಿಗೆ ಕಟ್ಟಿರುತ್ತಾನೆ. ಅವನ ಮೇಲೆ ಅಪನಂಬಿಕೆ ಬೇಕಿಲ್ಲ, ಆದರೆ ಎರಡನೇ ಜೋಡಿ ಕಣ್ಣು ನಿಮ್ಮದಾಗಿರಬೇಕು. ನೋಡುವ ಕ್ರಮ ಹೀಗಿರಲಿ.

ಕಟ್ಟುವ ಮೊದಲು ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೊಲಿಗೆ ನೋಡಿ. ಒಳ್ಳೆಯ ಹಾರ್ನೆಸ್ಸಿನಲ್ಲಿ ಹೊಲಿಗೆಯ ದಾರ ಪಟ್ಟಿಗಿಂತ ಬೇರೆ ಬಣ್ಣದ್ದಿರುತ್ತದೆ, ದಾರ ಹರಿದದ್ದು ತಟ್ಟನೆ ಕಾಣಲಿ ಎಂದೇ. ಪಟ್ಟಿಯ ಅಂಚು ನೂಲು ಬಿಟ್ಟು ಜುಂಗುಜುಂಗಾಗಿದ್ದರೆ, ಬಿಸಿಲಿಗೆ ಬಣ್ಣ ಬಿಳಚಿ ಪಟ್ಟಿ ಬಿರುಸಾಗಿದ್ದರೆ ಬೇರೆಯದನ್ನು ಕೇಳಿ. ನೈಲಾನ್ ಬಿಸಿಲಿಗೆ ಸಾಯುತ್ತದೆ. ಬಳಸದೆ ಇಟ್ಟರೂ ಹತ್ತು ವರ್ಷಕ್ಕಿಂತ ಹಳೆಯ ಹಾರ್ನೆಸ್ ಕೆಲಸಕ್ಕಿಲ್ಲ. ತಯಾರಾದ ವರ್ಷ ಒಳಗಿನ ಚೀಟಿಯಲ್ಲಿ ಇರುತ್ತದೆ.

ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂರಬೇಕು. ಕೆಳಗೆ ಇದ್ದರೆ ತಲೆಕೆಳಗಾದಾಗ ಜಾರುತ್ತದೆ. ಬಿಗಿದ ಮೇಲೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು. ತೊಡೆ ಪಟ್ಟಿಗೂ ಅದೇ ಲೆಕ್ಕ. ಬಕಲ್ಲಿನಲ್ಲಿ ಪಟ್ಟಿ ಒಮ್ಮೆ ಹಾದು ಮತ್ತೆ ಹಿಂದಕ್ಕೆ ತೂರಿರಬೇಕಾದ ಮಾದರಿಗಳಿವೆ, ಅಂಥದ್ದರಲ್ಲಿ ಬಾಲ ಮಡಚಿಲ್ಲದಿದ್ದರೆ ಭಾರಕ್ಕೆ ನಿಧಾನವಾಗಿ ಜಾರಿ ಬಿಚ್ಚಿಕೊಳ್ಳುತ್ತದೆ. ಜೇಬಿನ ಫೋನು, ಕೀಲಿಕೈ ಪಟ್ಟಿಯಡಿ ಸಿಕ್ಕಿದರೆ ತೊಡೆಗೆ ಊರುತ್ತದೆ. ತೆಗೆದಿಡಿ.

ಆಮೇಲೆ ಕೊಕ್ಕೆ, ಅಂದರೆ ಕ್ಯಾರಬೈನರ್. ಇದರ ಮೈಮೇಲೆ ಸಿಇ (ಯುರೋಪಿನ ಸುರಕ್ಷತಾ ಗುರುತು) ಅಥವಾ ಯುಐಎಎ (ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ) ಗುರುತು ಕೆತ್ತಿರುತ್ತದೆ, ಪಕ್ಕದಲ್ಲಿ ತಾಳುವ ಬಲವನ್ನು ಹೇಳುವ ಕಿಲೋನ್ಯೂಟನ್ ಸಂಖ್ಯೆ. ಉದ್ದಕ್ಕೆ 20ಕ್ಕಿಂತ ಹೆಚ್ಚಿದ್ದರೆ ಸುಮಾರು ಎರಡು ಟನ್ ತಾಳುತ್ತದೆ ಎಂದರ್ಥ. ಆದರೆ ಕೊಕ್ಕೆ ಅಡ್ಡಕ್ಕೆ ತಿರುಗಿ ಭಾರ ಬಿದ್ದರೆ ತಾಳಿಕೆ ಅದರ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಕೂತು ನೋಡಿದಾಗ ಕೊಕ್ಕೆ ಉದ್ದುದ್ದ ನಿಂತಿದೆಯೇ ಗಮನಿಸಿ. ಬಾಗಿಲಿನ ತಿರುಪು ಹಾಕಿದ ಮೇಲೆ ಹೆಬ್ಬೆರಳಿನಿಂದ ಒಳಗೆ ಒತ್ತಿ ನೋಡಿ, ತೆರೆದುಕೊಂಡರೆ ತಿರುಪು ಬಿದ್ದಿಲ್ಲ. ಕಣ್ಣಿಗೆ ಮುಚ್ಚಿದಂತೆ ಕಾಣುವ ತೆರೆದ ಕೊಕ್ಕೆ ಇಲ್ಲಿ ಎಲ್ಲಕ್ಕಿಂತ ಅಪಾಯದ್ದು.

ಪುಲ್ಲಿಯಿಂದ ನಿಮ್ಮ ಪಟ್ಟಿಗೆ ಎರಡು ಸಂಪರ್ಕ ಇರಲೇಬೇಕು. ಒಂದು ಭಾರ ಹೊರುವುದು, ಇನ್ನೊಂದು ಸಡಿಲಾಗಿ ಉಕ್ಕಿನ ಹಗ್ಗಕ್ಕೇ ಬೇರೆ ಕೊಕ್ಕೆಯಿಂದ ಹಾಕಿದ್ದು. ಒಂದೇ ಇದ್ದರೆ ಹತ್ತಬೇಡಿ, ಮಾತು ಮುಗಿಯಿತು. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಿನ ಜಾಗ ಬಿಟ್ಟು ಕೂರಬೇಕು, ಹಿಂದಕ್ಕೆ ವಾಲಿರಬಾರದು.

ಹಗ್ಗದ ಮೇಲೆ

ಮೆಟ್ಟಿಲಿನಿಂದ ಹಾರಬೇಡಿ. ಮೊದಲು ಕುಳಿತು ಪಟ್ಟಿಯ ಮೇಲೆ ಪೂರ್ತಿ ಭಾರ ಬಿಡಿ, ಆಮೇಲೆ ಕಾಲು ಎತ್ತಿ. ಕೈಯನ್ನು ಪುಲ್ಲಿಯ ಮುಂದೆ ಹಗ್ಗದ ಮೇಲೆ ಎಂದೂ ಇಡಬೇಡಿ, ಬೆರಳು ಚಕ್ರದಡಿ ಹೋಗುತ್ತದೆ. ಹಿಡಿಯುವುದಾದರೆ ಎದೆಯ ಮುಂದಿನ ಪಟ್ಟಿ ಹಿಡಿಯಿರಿ. ಕೈಯಿಂದ ಬ್ರೇಕ್ ಹಾಕಬೇಕಾದ ಲೈನ್ ಆಗಿದ್ದರೆ ಚರ್ಮದ ಗ್ಲವ್ಸ್ ಕೊಡುತ್ತಾರೆ, ಕೈ ಪುಲ್ಲಿಯ ಹಿಂದೆ ಇರಬೇಕು, ಸಂಜ್ಞೆ ಕೊಟ್ಟಾಗ ಮಾತ್ರ ಒತ್ತಬೇಕು. ಮೊದಲೇ ಒತ್ತಿದವರು ನಡುವೆ ನಿಲ್ಲುತ್ತಾರೆ.

ನಿಂತರೆ ಗಾಬರಿ ಬೇಡ. ನೀವು ನೇತಾಡುತ್ತಿದ್ದೀರಿ, ಬೀಳುತ್ತಿಲ್ಲ. ತಲುಪಬೇಕಾದ ಕಡೆಗೆ ಬೆನ್ನು ತಿರುಗಿಸಿ, ಗ್ಲವ್ಸ್ ಇರುವ ಕೈಯಿಂದ ಹಗ್ಗ ಹಿಡಿದು ಒಂದಾದ ಮೇಲೊಂದು ಕೈ ಹಾಕುತ್ತ ಎಳೆದುಕೊಳ್ಳಿ. ಗ್ಲವ್ಸ್ ಇಲ್ಲದಿದ್ದರೆ ಸುಮ್ಮನೆ ಇರಿ, ಸಿಬ್ಬಂದಿ ಬರುತ್ತಾರೆ. ಬರಿಗೈಗೆ ಉಕ್ಕಿನ ಎಳೆ ಚುಚ್ಚುತ್ತದೆ. ಬಹಳ ಹೊತ್ತು ಅಲುಗದೆ ನೇತಾಡಿದರೆ ಕಾಲಿನಲ್ಲಿ ರಕ್ತ ನಿಲ್ಲುತ್ತದೆ, ಕಾಲು ಆಡಿಸುತ್ತಿರಿ.

ಜಿಪ್‌ಲೈನನ್ನು ಬೆಳಿಗ್ಗೆ ಇಡುವುದಕ್ಕೆ ಕಾರಣ ಇದೇ. ನದಿಯಿಂದ ನೆನೆದು ಬಂದ ಬಟ್ಟೆಯ ಮೇಲೆ ಪಟ್ಟಿ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ, ಒದ್ದೆ ಗ್ಲವ್ಸ್ ಹಗ್ಗ ಹಿಡಿಯುವುದಿಲ್ಲ, ಹುಟ್ಟು ಹಾಕಿ ಸೋತ ತೋಳಿಗೆ ಎಳೆದುಕೊಳ್ಳುವ ಶಕ್ತಿಯೂ ಇರುವುದಿಲ್ಲ.

ಕಾಳಿಗೆ ಇಳಿಯುವ ಮೊದಲು

ಲೈಫ್ ಜಾಕೆಟ್ ಹಾಕಿ ಎಲ್ಲ ಬಕಲ್ ಬಿಗಿದ ಮೇಲೆ ಜೊತೆಯವರಿಗೆ ಹೇಳಿ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿಕೊಳ್ಳಿ. ಜಾಕೆಟ್ ಗಲ್ಲ, ಕಿವಿಯ ತನಕ ಬಂದರೆ ಸಡಿಲ ಎಂದರ್ಥ, ನೀರಿನಲ್ಲಿ ಮೈ ಕೆಳಗೆ, ಜಾಕೆಟ್ ಮೇಲೆ ಆಗುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟಿದರೆ ಸಾಲದು, ಅವರ ಅಳತೆಯದ್ದೇ ಬೇಕು, ಕಾಲ ನಡುವೆ ಹಾಯುವ ಪಟ್ಟಿ ಇದ್ದರೆ ಒಳ್ಳೆಯದು.

ರಾಫ್ಟಿನಿಂದ ಬೀಳುವುದು ಸಾಮಾನ್ಯ, ಅದಕ್ಕೆ ಮುಂಚೆಯೇ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳಿ. ಬೆನ್ನ ಮೇಲೆ ಮಲಗಿ, ಕಾಲು ಹರಿವಿನ ಕಡೆಗೆ ಚಾಚಿ, ಕಾಲ್ಬೆರಳ ತುದಿ ನೀರಿನಿಂದ ಹೊರಗೆ ಕಾಣಬೇಕು. ಕಲ್ಲು ಎದುರಾದರೆ ಪಾದದಿಂದ ಒದ್ದು ಸರಿಯಬಹುದು. ಮೊಣಕಾಲಷ್ಟೇ ನೀರು ಎಂದು ಹರಿವಿನಲ್ಲಿ ಎದ್ದು ನಿಲ್ಲಬೇಡಿ. ಪಾದ ಎರಡು ಕಲ್ಲಿನ ಸಂದಿಗೆ ಸಿಕ್ಕಿದರೆ ನೀರಿನ ಒತ್ತಡ ಮೈಯನ್ನು ಮುಂದಕ್ಕೆ ಕೆಡವಿ ಅದುಮುತ್ತದೆ. ಈಜು ಬಲ್ಲವರು ಹೀಗೆ ಆಳವಿಲ್ಲದ ನೀರಿನಲ್ಲೇ ಮುಳುಗುವುದುಂಟು. ಗೈಡ್ ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ. ಹಗ್ಗ ಭುಜದ ಮೇಲೆ ಹಾದು ಬರುವಂತೆ ಹಿಡಿದು, ಅದಕ್ಕೆ ಬೆನ್ನು ಮಾಡಿ ಮಲಗಿದರೆ ಮುಖಕ್ಕೆ ನೀರು ನುಗ್ಗುವುದಿಲ್ಲ.

ರಾಫ್ಟ್ ದಡಕ್ಕೆ ಬಂದ ಮೇಲೆ ಗುಂಪಿನವರು ನದಿ ನಡುವಿನ ಬಂಡೆಯ ಮೇಲೆ ಫೋಟೊಕ್ಕೆ ಕೂರುತ್ತಾರೆ. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಇದು ಮಾಡಬಾರದ ಕೆಲಸ. ಬಿಸಿಲು ಕಾಯುತ್ತಿರುವ ದಿನವೂ ನೀರು ಏರಬಹುದು. ಎಲೆ, ಕಡ್ಡಿ, ನೊರೆ ತೇಲಿ ಬರತೊಡಗಿದರೆ, ಆಗಷ್ಟೇ ಕಂಡಿದ್ದ ಕಲ್ಲು ಮುಳುಗಿದರೆ ಸಾಮಾನು ಬಿಟ್ಟು ದಡ ಹತ್ತಿ. ದಾಂಡೇಲಿ ಪಟ್ಟಣದ ಸುತ್ತಿನ ಕಾಳಿಯಲ್ಲಿ ಮೊಸಳೆಗಳಿವೆ, ಜನರ ಮೇಲೆ ಬಿದ್ದದ್ದೂ ಇದೆ. ಗೈಡ್ ಇಲ್ಲದ ಕಡೆ ಸ್ನಾನಕ್ಕೂ ಇಳಿಯಬೇಡಿ.

ಜಲಾಶಯದ ಆಳದಿಂದ ಬರುವ ನೀರು ತಣ್ಣಗಿರುತ್ತದೆ. ಮಗುವಿನ ತುಟಿ ನೀಲಿಯಾದರೆ, ಮಾತು ತೊದಲಿದರೆ ಆಟ ನಿಲ್ಲಿಸಿ ಒಣ ಬಟ್ಟೆ ಹಾಕಿ. ಟವೆಲ್, ಒಂದು ಜೊತೆ ಒಣ ಬಟ್ಟೆ ಗಾಡಿಯಲ್ಲೇ ಇರಬೇಕು, ರೂಮಿನಲ್ಲಲ್ಲ.

ಗುಹೆ

ಕವಳಾ ಗುಹೆ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಅರಣ್ಯ ಇಲಾಖೆಯ ಅನುಮತಿ ಬೇಕು, ಹೋಗುವುದು ಅವರ ವ್ಯವಸ್ಥೆಯಲ್ಲೇ. ನೂರಾರು ಮೆಟ್ಟಿಲು ಇಳಿಯಬೇಕು, ಒಳಗೆ ಬಾಗಿ, ತೆವಳಿ ನಡೆಯಬೇಕಾದ ಜಾಗಗಳಿವೆ. ಹಿಂದಿನ ದಿನ ರಾಫ್ಟಿಂಗ್ ಮಾಡಿ ಮೊಣಕಾಲು ನೋಯುತ್ತಿದ್ದರೆ ಇದನ್ನು ಬಿಡಿ. ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೂ ಬೇಕು, ಮೊಬೈಲ್ ಬೆಳಕಿನಲ್ಲಿ ತೆವಳಲು ಕೈ ಖಾಲಿ ಇರುವುದಿಲ್ಲ. ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಲಿಂಗದಾಕಾರದ ಕಲ್ಲನ್ನು ಮುಟ್ಟಬೇಡಿ, ಕೈಯ ಜಿಡ್ಡು ಹತ್ತಿದ ಕಡೆ ಅದರ ಬೆಳವಣಿಗೆ ಕುಂದುತ್ತದೆ. ಬಾವಲಿಗಳಿವೆ, ಕೂಗಬೇಡಿ.

ಅನುಮತಿ ಸಿಗದವರು ಯಾಣಕ್ಕೆ ಹೋಗಬಹುದು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಆ ಬಂಡೆಯಲ್ಲಿ ಹೆಜ್ಜೇನು ಕಟ್ಟುತ್ತವೆ. ಸೆಂಟು ಹಚ್ಚಿಕೊಂಡು, ಬೀಡಿ ಸೇದುತ್ತ, ಸೀಟಿ ಹೊಡೆಯುತ್ತ ಹೋಗಬಾರದು. ಜೇನು ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ದೂರ ಓಡಿ.

ಉಂಬಳ, ಉಣುಗು

ಮಳೆ ಬಿಟ್ಟ ಹೊಸತರಲ್ಲಿ ಕಾಡುದಾರಿಯಲ್ಲಿ ಉಂಬಳ ಹತ್ತುತ್ತದೆ. ಉದ್ದ ಸಾಕ್ಸ್‌ನೊಳಗೆ ಪ್ಯಾಂಟ್ ಸೇರಿಸಿ, ಸಾಕ್ಸ್‌ಗೆ ಉಪ್ಪುನೀರು ಅಥವಾ ಹೊಗೆಸೊಪ್ಪಿನ ನೀರು ಹಚ್ಚಿ. ಕಚ್ಚಿದ್ದನ್ನು ಉಗುರಿನಿಂದ ಬಾಯಿಯ ಕಡೆಯಿಂದ ಸರಿಸಿ ತೆಗೆಯಿರಿ. ಉಂಬಳದಿಂದ ರೋಗದ ಭಯವಿಲ್ಲ.

ಭಯ ಪಡಬೇಕಾದದ್ದು ಉಣುಗಿಗೆ. ಚಳಿಗಾಲದಿಂದ ಬೇಸಿಗೆ ತನಕ ನಮ್ಮ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಮಂಗ ಸತ್ತ ಜಾಗದ ಹತ್ತಿರ ಹೋಗಬೇಡಿ, ಒಣ ಎಲೆಯ ರಾಶಿಯ ಮೇಲೆ ಕೂರಬೇಡಿ, ರೂಮಿಗೆ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈಯೆಲ್ಲ ಉಜ್ಜಿ ಸ್ನಾನ ಮಾಡಿ, ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ನೋಡಿ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ತಲೆನೋವು, ಮೈಕೈ ನೋವಿನೊಂದಿಗೆ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗುತ್ತ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಿ. ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನು ಡಾಕ್ಟರರು ಕೇಳುವ ಮೊದಲೇ ಹೇಳಿ.